ಒಂಟಿಮನೆಗೂ ಟಪಾಲು



ಜೀವಮಾನವಿಡೀ ಅಂಚೆ ಇಲಾಖೆಯಲ್ಲಿ ದುಡಿದವರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ವಿಷಯ ನಿಮ್ಮಿಷ್ಟ ಎಂದು ಅವರು ಹೇಳಿದ್ದರು. ನನಗೆ ಬೇರೆ ವಿಷಯ ಹೊಳೆಯಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ. ಆದರೆ ಅದಕ್ಕೂ ಮುಂಚೆ ನಾನು ಬ್ರಾಂಚ್ ಪೋಸ್ಟಾಫೀಸಿನ ಮನೆಯ ಹುಡುಗ. ನಮ್ಮ ಅಪ್ಪಯ್ಯ ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದರು. ನಮ್ಮ ಮನೆಯ ಜಗಲಿಯೇ ಆಫೀಸು.

ಜಗಲಿಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ, ಪಕ್ಕದಲ್ಲಿ ಸಣ್ಣ ತಕ್ಕಡಿ, ಅರಗಿನ ಕಡ್ಡಿ, ಶಾಯಿಯ ಪ್ಯಾಡು. ಬೆಳಗ್ಗೆ ಅಪ್ಪಯ್ಯ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಮೊಹರಿನಲ್ಲಿದ್ದ ತಾರೀಕಿನ ಅಚ್ಚುಗಳನ್ನು ಕಿತ್ತು ಹೊಸ ತಾರೀಕು ಕೂಡಿಸುವುದು. ಆ ದಿನದ ಮೊದಲ ಮುದ್ರೆಯನ್ನು ಒಂದು ಪುಸ್ತಕದಲ್ಲಿ ಒತ್ತಿ, ಅಕ್ಷರ ಸರಿಯಾಗಿ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹತ್ತೂವರೆಯ ಬಸ್ಸಿನಲ್ಲಿ ಬ್ಯಾಗು ಬರುತ್ತಿತ್ತು. ಸೀಲು ಒಡೆದು, ಪಟ್ಟಿಗೆ ತಾಳೆ ನೋಡಿ, ಕಾಗದಗಳನ್ನು ಕೇರಿವಾರು ಜೋಡಿಸಿ ಹಂಚುವವನ ಕೈಗೆ ಕೊಡುತ್ತಿದ್ದರು. ಆತ ನಡೆದೇ ಹೊರಡುತ್ತಿದ್ದ. ಮಲೆನಾಡಿನ ಒಂಟಿಮನೆಗಳು ನಿಮಗೆ ಗೊತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ, ಒಂದು ಹಳ್ಳ, ಒಂದು ಸಂಕ. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಕಾಗದದ ಚೀಲವನ್ನು ಎದೆಗೆ ಕಟ್ಟಿಕೊಂಡು ಹೋಗುತ್ತಿದ್ದ. ಎಷ್ಟೋ ದಿನ ಕೊನೆಯ ಮನೆಗೆ ಇದ್ದುದು ಒಂದೇ ಒಂದು ಕಾರ್ಡು.

ಆಗ ಕಾರ್ಡಿಗೆ ಹದಿನೈದು ಪೈಸೆ. ಒಮ್ಮೆ ನಾನು ಕೇಳಿದೆ, ಹದಿನೈದು ಪೈಸೆಗೆ ಅಷ್ಟು ದೂರ ಹೋಗಿ ಬರುವುದು ಇಲಾಖೆಗೆ ನಷ್ಟವಲ್ಲವೇ ಎಂದು. ಅಪ್ಪಯ್ಯ ತಲೆ ಎತ್ತದೆ ಹೇಳಿದರು: "ಅಡ್ರೆಸ್ಸು ಬರ್ದಿದಾರಲ್ಲ ಮಾರಾಯ. ಬರ್ದ ಮೇಲೆ ಮುಟ್ಟಿಸ್ಬೇಕು."

ಸಾರ್ವತ್ರಿಕ ಸೇವೆಯ ಬಾಧ್ಯತೆ ಎಂದು ಪುಸ್ತಕಗಳಲ್ಲಿ ಬರೆಯುವುದು ಇದನ್ನೇ. 1874ರಲ್ಲಿ ಬರ್ನ್ ನಗರದ ಒಪ್ಪಂದದಿಂದ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿತು. ಆ ಒಕ್ಕೂಟ 1999ರ ಬೀಜಿಂಗ್ ಮಹಾಧಿವೇಶನದಲ್ಲಿ ಇದನ್ನು ತನ್ನ ಒಪ್ಪಂದದ ಮಾತಾಗಿಸಿತು: ಸದಸ್ಯ ದೇಶಗಳು ತಮ್ಮ ನೆಲದ ಎಲ್ಲ ಕಡೆಯೂ, ಶಾಶ್ವತವಾಗಿ, ಕೈಗೆಟುಕುವ ಬೆಲೆಗೆ, ಗುಣಮಟ್ಟದ ಮೂಲ ಅಂಚೆ ಸೇವೆಯನ್ನು ಕೊಡಬೇಕು. ಎಲ್ಲ ಕಡೆ, ಶಾಶ್ವತ, ಕೈಗೆಟುಕುವ ಬೆಲೆ. ಈ ಮೂರರಲ್ಲಿ ಯಾವ ಒಂದನ್ನು ಬಿಟ್ಟರೂ ಉಳಿದೆರಡನ್ನು ಯಾವ ವ್ಯಾಪಾರಿಯೂ ಕೊಡಬಲ್ಲ. ಮೂರನ್ನೂ ಒಟ್ಟಿಗೆ ಕೊಡು ಎಂದಾಗ ಮಾತ್ರ ಕಷ್ಟ ಶುರು.

ಈ ಕಷ್ಟ ಎಲ್ಲಿದೆ ಎಂಬುದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. ದೂರವೇ ಖರ್ಚು ಎಂದುಕೊಂಡಿದ್ದಾರೆ. ಅಂಚೆಯೂ ಒಂದು ಕಾಲಕ್ಕೆ ಹಾಗೇ ತಿಳಿದಿತ್ತು. ದೂರ ಅಳೆದು ದರ ಹೇಳುತ್ತಿದ್ದರು, ಅದನ್ನು ಎಷ್ಟೋ ಸಲ ಕಾಗದ ಪಡೆಯುವವನೇ ಕೊಡಬೇಕಿತ್ತು. 1837ರಲ್ಲಿ ಇಂಗ್ಲೆಂಡಿನ ರೋಲ್ಯಾಂಡ್ ಹಿಲ್ ಎಂಬ ಮಾಜಿ ಶಾಲಾ ಮೇಷ್ಟರು ಒಂದು ಕರಪತ್ರದಲ್ಲಿ ಲೆಕ್ಕ ಹಾಕಿ ತೋರಿಸಿದರು: ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಸಾಗಿಸುವ ಖರ್ಚು ಒಂದು ಪೆನ್ನಿಯ ಮೂವತ್ತಾರನೇ ಒಂದು ಭಾಗ ಮಾತ್ರ. ದುಡ್ಡು ಹೋಗುತ್ತಿದ್ದುದು ದಾರಿಯಲ್ಲಲ್ಲ, ಎರಡು ತುದಿಗಳಲ್ಲಿ. ದರ ಬರೆಯುವುದು, ಲೆಕ್ಕ ಇಡುವುದು, ಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದು, ಅಲ್ಲಿ. ಆದ್ದರಿಂದ ದೂರ ಎಷ್ಟೇ ಇರಲಿ ಒಂದೇ ದರ, ಅದೂ ಮುಂಗಡ. 1840ರ ಜನವರಿ 10ರಂದು ಅಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂತು. ಮೇ ತಿಂಗಳಲ್ಲಿ ಅಂಚೆಚೀಟಿ ಬಂತು. ಏಕರೂಪದ ದರವನ್ನು ದಯೆಯೆಂದು ತಿಳಿಯುವವರಿದ್ದಾರೆ. ಅದು ಮೊದಲಿಗೆ ಶುದ್ಧ ಲೆಕ್ಕಾಚಾರ.

ಆದರೆ ಹಿಲ್ ಅವರ ಮೂಲ ಯೋಜನೆಯಲ್ಲಿ ಇನ್ನೊಂದು ಮಾತಿತ್ತು. ಒಂದು ಪೆನ್ನಿಯ ದರ ಪಟ್ಟಣದಿಂದ ಪಟ್ಟಣಕ್ಕೆ ಮಾತ್ರ, ಅಲ್ಲಿಂದ ಹಳ್ಳಿಗೆ ಒಯ್ಯುವ ಖರ್ಚು ಬೇರೆ ಎಂದು ಅವರು ಬರೆದಿದ್ದರು. ಅವರ ಗಣಿತಕ್ಕೆ ಅದು ಸರಿಯೇ. ದೂರದ ಖರ್ಚು ಒಂದು ಚೀಲದಲ್ಲಿರುವ ಸಾವಿರ ಕಾಗದಗಳಿಗೆ ಹಂಚಿಹೋಗುತ್ತದೆ, ಒಂಟಿಮನೆಯ ಖರ್ಚು ಹಂಚಿಹೋಗುವುದಿಲ್ಲ. ದೆಹಲಿಯಿಂದ ತೀರ್ಥಹಳ್ಳಿಗೆ ಬರುವುದು ಅಗ್ಗ, ತೀರ್ಥಹಳ್ಳಿಯಿಂದ ನಮ್ಮೂರ ಕೊನೆಯ ಮನೆಗೆ ಹೋಗುವುದು ದುಬಾರಿ. ಹಳ್ಳಿಯ ಬಾಗಿಲವರೆಗೂ ಅದೇ ದರ ಎಂಬುದು ಲೆಕ್ಕದ ತೀರ್ಮಾನವಲ್ಲ, ಸಮಾಜದ ತೀರ್ಮಾನ. ಅಮೆರಿಕದ ರೈತರ ಮನೆಬಾಗಿಲಿಗೆ ಉಚಿತ ಬಟವಾಡೆ ಶುರುವಾದದ್ದು 1896ರಲ್ಲಿ. ಬ್ರಿಟನ್ನಿನಲ್ಲಿ ಪ್ರತಿ ಮನೆಗೂ ಬಟವಾಡೆಯ ಭರವಸೆ ಸಿಕ್ಕಿದ್ದು 1897ರಲ್ಲಿ, ಹಿಲ್ ಅವರ ಕರಪತ್ರ ಬಂದು ಅರವತ್ತು ವರ್ಷಗಳಾದ ಮೇಲೆ. ಹಿಲ್ ಗೆದ್ದದ್ದು ಗಣಿತದಿಂದ. ಹಳ್ಳಿಗಳು ಅಷ್ಟು ಕಾಲ ಕಾಯಬೇಕಾಯಿತು, ಯಾಕೆಂದರೆ ಅವಕ್ಕೆ ಗಣಿತ ಸಾಲುತ್ತಿರಲಿಲ್ಲ.

ನಮ್ಮಲ್ಲಿ ಅಂಚೆ ಬ್ರಿಟಿಷರಿಂದ ಹುಟ್ಟಿದ್ದಲ್ಲ. ಮೈಸೂರಿನ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲೇ, ಓಡುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಸಂದೇಶ ಒಯ್ಯುವ ಇಲಾಖೆಗೆ ಇಷ್ಟು ಚೆಂದದ ಹೆಸರು ಇನ್ನೊಂದು ಭಾಷೆಯಲ್ಲಿ ಇದೆಯೋ ಇಲ್ಲವೋ, ನನಗಂತೂ ಆ ಪದ ಬಾಯಲ್ಲಿ ಬಂದಾಗಲೆಲ್ಲ ಖುಷಿ. ಏಕರೂಪದ ದರ ಭಾರತಕ್ಕೆ ಬಂದದ್ದು 1854ರ ಅಕ್ಟೋಬರ್ 1ರಂದು: ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ, ಊರು ಯಾವುದೇ ಇರಲಿ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಆಮೇಲಿನದು ನಿಮಗೆ ಗೊತ್ತಿರುವ ಕತೆ. ಸ್ವಾತಂತ್ರ್ಯ ಬಂದಾಗ 23,344 ಅಂಚೆ ಕಚೇರಿಗಳಿದ್ದವು. ಈಗ ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲಿವೆ. ಜಗತ್ತಿನಲ್ಲಿ ಇಷ್ಟು ದೊಡ್ಡ ಅಂಚೆ ಜಾಲ ಇನ್ನೊಂದಿಲ್ಲ.

ಇದರ ಖರ್ಚು ಯಾರದು? ಹೆಚ್ಚಿನ ದೇಶಗಳಲ್ಲಿ ಮೊದಲ ಉತ್ತರ ಒಂದೇ ಇತ್ತು: ಏಕಸ್ವಾಮ್ಯ. ಕಾಗದ ಒಯ್ಯುವ ಹಕ್ಕು ಅಂಚೆಗೆ ಮಾತ್ರ. ಪಟ್ಟಣದ ಕಾಗದಗಳಲ್ಲಿ ಉಳಿದ ಲಾಭ ಹಳ್ಳಿಯ ನಷ್ಟಕ್ಕೆ ವಜಾ. ನಮ್ಮ 1898ರ ಅಂಚೆ ಕಾಯ್ದೆಯಲ್ಲೂ ಆ ಹಕ್ಕು ಇತ್ತು. ಕಾನೂನಿನಲ್ಲಿ ಅದು ನೂರಿಪ್ಪತ್ತೈದು ವರ್ಷ ಉಳಿಯಿತು, ಬೀದಿಯಲ್ಲಿ ಅಷ್ಟು ಕಾಲ ಉಳಿಯಲಿಲ್ಲ. ಕೊರಿಯರ್ ಕಂಪನಿಗಳು ಬಂದವು, ಕಾಗದಕ್ಕೆ ‘ಡಾಕ್ಯುಮೆಂಟು’ ಎಂದು ಹೆಸರಿಟ್ಟವು, ಬ್ಯಾಂಕುಗಳ, ಕಂಪನಿಗಳ, ದೊಡ್ಡ ಅಂಗಡಿಗಳ ಟಪಾಲನ್ನು ಹೊತ್ತೊಯ್ದವು. ಅಂಚೆಯೂ 1986ರಲ್ಲಿ ಸ್ಪೀಡ್ ಪೋಸ್ಟ್ ತಂದು ಪೈಪೋಟಿಗೆ ಇಳಿಯಿತು, ಅದು ಒಳ್ಳೆಯದೇ ಆಯಿತು. ಕೊರಿಯರಿನವರನ್ನು ನಾನು ದೂರುತ್ತಿಲ್ಲ. ಅವರು ಲಾಭ ಇರುವ ಕಡೆ ಹೋಗುತ್ತಾರೆ, ಹೋಗಲಿ. ನಾಲ್ಕು ವರ್ಷದ ಹಿಂದೆ ಊರಿನಲ್ಲಿರುವ ನಮ್ಮ ಅತ್ತಿಗೆಗೆ ಬೆಂಗಳೂರಿನಿಂದ ಔಷಧ ಕಳಿಸಿದ್ದೆ. ಒಂದು ಖಾಸಗಿ ಕೊರಿಯರ್‌ನವರು ತಾಲ್ಲೂಕು ಕೇಂದ್ರದಿಂದ ಅವರಿಗೆ ಫೋನು ಮಾಡಿ, "ನಿಮ್ಮೂರು ನಮ್ಮ ರೂಟಲ್ಲಿ ಇಲ್ಲಮ್ಮ, ಬಂದು ತಗೊಂಡು ಹೋಗಿ" ಎಂದರಂತೆ. ಎಪ್ಪತ್ತರ ಹೆಂಗಸು ಮಂಡಿನೋವಿನ ಔಷಧಕ್ಕಾಗಿ ಎರಡು ಬಸ್ಸು ಬದಲಿಸಿ ಹೋಗಿ ತಂದರು. ಎರಡನೇ ಸಲ ಅದೇ ಔಷಧ ಪೋಸ್ಟಿನಲ್ಲಿ ಹೋಯಿತು, ಜಗಲಿಗೆ ಮುಟ್ಟಿತು. ಎರಡು ದಿನ ತಡವಾಗಿ ಮುಟ್ಟಿತು, ಅದನ್ನೂ ಹೇಳಬೇಕು.

ಹೊರಗಿನ ದೇಶಗಳಲ್ಲಿ ಏನಾಗುತ್ತಿದೆ ಎಂದು ನೋಡೋಣ. ಡೆನ್ಮಾರ್ಕಿನಲ್ಲಿ ಅಂಚೆ ಶುರುವಾದದ್ದು 1624ರಲ್ಲಿ. 2000ದಿಂದೀಚೆಗೆ ಅಲ್ಲಿ ಕಾಗದಗಳ ಸಂಖ್ಯೆ ನೂರಕ್ಕೆ ತೊಂಬತ್ತರಷ್ಟು ಬಿದ್ದುಹೋಯಿತು. 2024ರ ಜನವರಿಯಿಂದ ಜಾರಿಯಾದ ಹೊಸ ಕಾನೂನು ಸಾರ್ವತ್ರಿಕ ಸೇವೆಯ ಬಾಧ್ಯತೆಯನ್ನೇ ತೆಗೆದುಹಾಕಿತು. ಪೋಸ್ಟ್‌ನಾರ್ಡ್ ಎಂಬ ಅಲ್ಲಿನ ಅಂಚೆ ಸಂಸ್ಥೆ ಬೀದಿಬದಿಯ 1,500 ಕೆಂಪು ಡಬ್ಬಗಳನ್ನು ಕಿತ್ತಿತು. 2025ರ ಡಿಸೆಂಬರ್ 30ರಂದು ಕೊನೆಯ ಕಾಗದ ಹಂಚಿ ನಾಲ್ಕುನೂರು ವರ್ಷದ ಕೆಲಸವನ್ನು ನಿಲ್ಲಿಸಿತು. ಈಗ ಅಲ್ಲಿ ಕಾಗದ ಒಯ್ಯುವುದು ಖಾಸಗಿ ಕಂಪನಿ. ನಮ್ಮಲ್ಲಿ ಕೆಲವರು ಇದನ್ನು ತೋರಿಸಿ, ನೋಡಿ ಕಾಲ ಮುಗಿಯಿತು ಎನ್ನುತ್ತಾರೆ. ಆದರೆ ಡೆನ್ಮಾರ್ಕ್ ಹತ್ತು ವರ್ಷಕ್ಕೂ ಮೊದಲೇ ಸರಕಾರದ ಪ್ರತಿ ಕಾಗದವೂ ನಾಗರಿಕರ ಡಿಜಿಟಲ್ ಪೆಟ್ಟಿಗೆಗೆ ಬರುವಂತೆ ಕಾನೂನು ಮಾಡಿತ್ತು. ಒಂದು ಸಾರ್ವತ್ರಿಕ ಸೇವೆಯನ್ನು ಕಟ್ಟಿ ನಿಲ್ಲಿಸಿದ ಮೇಲೆ ಇನ್ನೊಂದನ್ನು ಇಳಿಸಿತು. ನಮ್ಮೂರಿನ ಗುಡ್ಡದ ಮೇಲೆ ಇವತ್ತಿಗೂ ಫೋನಿನ ಸಿಗ್ನಲ್ಲಿಗಾಗಿ ಮೇಲಿನ ತೋಟದ ತುದಿಗೆ ಹೋಗಿ ನಿಲ್ಲಬೇಕು. ಹೊಳೆಗೆ ಹೊಸ ಸೇತುವೆ ಬರುವ ಮುಂಚೆ ಹಳೆಯ ಸಂಕ ಕೀಳುವವರು ಯಾರೂ ಇಲ್ಲ.

ಬ್ರಿಟನ್ನಿನ ದಾರಿ ಬೇರೆ. ರಾಯಲ್ ಮೇಲ್ ಅನ್ನು 2013ರಲ್ಲಿ ಖಾಸಗಿಗೆ ಮಾರಿದರು, ಆದರೆ ಅದಕ್ಕೂ ಮೊದಲು 2011ರ ಕಾನೂನಿನಲ್ಲಿ ಬಾಧ್ಯತೆಯನ್ನು ಅಂಕಿಯಲ್ಲಿ ಬರೆದಿಟ್ಟರು. ಕಾಗದ ವಾರಕ್ಕೆ ಆರು ದಿನ, ಪಾರ್ಸೆಲ್ ಐದು ದಿನ, ದೇಶಕ್ಕೆಲ್ಲ ಒಂದೇ ದರ. ಅದನ್ನು ನೋಡಿಕೊಳ್ಳಲು ಆಫ್‌ಕಾಮ್ ಎಂಬ ಪ್ರಾಧಿಕಾರ. ಅಲ್ಲಿನ ಕಾಗದಗಳು 2004-05ರಲ್ಲಿ ಎರಡು ಸಾವಿರ ಕೋಟಿ ಇದ್ದವು, ಇತ್ತೀಚೆಗೆ ಏಳುನೂರು ಕೋಟಿಗೂ ಕಡಿಮೆ. ಕಂಪನಿ ಹೆಣಗಿತು, ಗಡುವು ತಪ್ಪಿತು. ಆಫ್‌ಕಾಮ್ 2023ರಲ್ಲಿ 56 ಲಕ್ಷ ಪೌಂಡ್, 2024ರಲ್ಲಿ ಒಂದು ಕೋಟಿ ಐದು ಲಕ್ಷ ಪೌಂಡ್, 2025ರಲ್ಲಿ ಎರಡು ಕೋಟಿ ಹತ್ತು ಲಕ್ಷ ಪೌಂಡ್ ದಂಡ ಹಾಕಿತು. ಜತೆಗೆ 2025ರ ಜುಲೈನಿಂದ ಎರಡನೇ ದರ್ಜೆಯ ಕಾಗದಗಳನ್ನು ದಿನ ಬಿಟ್ಟು ದಿನ ಹಂಚಲು ಅನುಮತಿಯನ್ನೂ ಕೊಟ್ಟಿತು. ಖಾಸಗೀಕರಣ ಅಲ್ಲಿನವರಿಗೆ ಸುಖ ತಂದಿತು ಎಂದು ನಾನು ಹೇಳಲಾರೆ. ಕಾಗದ ತಡವಾಗಿ ಆಸ್ಪತ್ರೆಯ ತಾರೀಕು ತಪ್ಪಿಸಿಕೊಂಡ ಜನ ಅಲ್ಲಿದ್ದಾರೆ. ಆದರೆ ಒಂದು ಮಾತು ನಿಜ. ಆರು ದಿನವನ್ನು ಮೂರು ದಿನ ಮಾಡಬೇಕಾದರೆ ಅಲ್ಲಿ ಎಲ್ಲರೆದುರು ಪ್ರಸ್ತಾವ ಇಡಬೇಕು, ಜನರ ಅಭಿಪ್ರಾಯ ಕೇಳಬೇಕು, ಕಾರಣ ಬರೆಯಬೇಕು. ಯಾಕೆಂದರೆ ಆರು ಎಂಬ ಅಂಕಿ ಬರೆದಿದೆ.

ಅಮೆರಿಕದ ಅಂಚೆ ಕಾನೂನಿನ ಒಂದು ಸಾಲಿನ ಅರ್ಥ ನನಗೆ ಬಹಳ ಇಷ್ಟ. ನಷ್ಟದಲ್ಲಿ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಯಾವ ಸಣ್ಣ ಅಂಚೆ ಕಚೇರಿಯನ್ನೂ ಮುಚ್ಚಕೂಡದು ಎನ್ನುತ್ತದೆ ಅದು. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳದಲ್ಲಿ ಹವಸುಪಾಯಿ ಬುಡಕಟ್ಟಿನವರ ಸುಪಾಯ್ ಎಂಬ ಊರಿದೆ. ರಸ್ತೆ ಇಲ್ಲ. ಅಲ್ಲಿಗೆ ಇಂದಿಗೂ ಟಪಾಲು ಹೇಸರಗತ್ತೆಯ ಮೇಲೆ ಇಳಿಯುತ್ತದೆ. ಅಷ್ಟು ದೊಡ್ಡ ವ್ಯಾಪಾರದ ದೇಶ ತನ್ನ ಒಂಟಿಮನೆಯನ್ನು ಕಾನೂನಿನಲ್ಲಿ ನೆನಪಿಟ್ಟುಕೊಂಡಿದೆ.

ಈಗ ನಮ್ಮ ಮಾತಿಗೆ ಬರುತ್ತೇನೆ. ಇವತ್ತು ನಾನು ಬಂದದ್ದೇ ಇದನ್ನು ಹೇಳಲಿಕ್ಕೆ.

2023ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾಯ್ದೆಗಳಲ್ಲಿ ಎರಡು ಅಕ್ಕಪಕ್ಕದವು. ಆ ವರ್ಷದ 43ನೇ ಕಾಯ್ದೆ ಅಂಚೆ ಕಚೇರಿ ಕಾಯ್ದೆ, 44ನೇ ಕಾಯ್ದೆ ದೂರಸಂಪರ್ಕ ಕಾಯ್ದೆ. ಒಂದೇ ದಿನ, ಒಂದೇ ಸಂಸತ್ತು, ಎರಡೂ ಸಂದೇಶ ಸಾಗಿಸುವ ಕೆಲಸದವೇ. ದೂರಸಂಪರ್ಕದಲ್ಲಿ ಸಾರ್ವತ್ರಿಕ ಸೇವೆಗೆ ಮೊದಲಿನಿಂದ ಒಂದು ನಿಧಿ ಇತ್ತು. ಟೆಲಿಫೋನ್ ಕಂಪನಿಗಳು ತಮ್ಮ ಆದಾಯದ ನೂರಕ್ಕೆ ಐದು ಪಾಲನ್ನು ಅದಕ್ಕೆ ಕಟ್ಟುತ್ತಿದ್ದವು. ಹೊಸ ಕಾಯ್ದೆ ಆ ನಿಧಿಯನ್ನು ಉಳಿಸಿತು, ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟು ಬೆಳೆಸಿತು. ಅಂಚೆಯ ಕಾಯ್ದೆ ಏನು ಮಾಡಿತು? ಕಾಗದ ಒಯ್ಯುವ ಏಕಸ್ವಾಮ್ಯವನ್ನು ತೆಗೆಯಿತು, ಅಂಚೆಚೀಟಿ ಹೊರಡಿಸುವ ಹಕ್ಕನ್ನು ಮಾತ್ರ ಇಟ್ಟುಕೊಂಡಿತು. ಏಕಸ್ವಾಮ್ಯ ಹೋದದ್ದಕ್ಕೆ ನನಗೆ ದುಃಖವಿಲ್ಲ, ಅದು ಹೆಸರಿಗಷ್ಟೇ ಉಳಿದಿತ್ತು. ಆದರೆ ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ನಿಧಿ ಇಲ್ಲ. ಪ್ರಾಧಿಕಾರ ಇಲ್ಲ. ವಾರಕ್ಕೆ ಎಷ್ಟು ದಿನ, ಎಷ್ಟು ಕಿಲೋಮೀಟರಿಗೆ ಒಂದು ಕಚೇರಿ, ಮನೆಬಾಗಿಲಿಗೋ ಊರಬಾಗಿಲಿಗೋ, ಒಂದೂ ಇಲ್ಲ. ಸರಕಾರ ನಿಯಮಗಳಲ್ಲಿ ಸೂಚಿಸುವ ಸೇವೆಗಳನ್ನು ಅಂಚೆ ಕೊಡತಕ್ಕದ್ದು ಎಂದಷ್ಟೇ ಇದೆ. ಸೇವೆಯಲ್ಲಿ ಲೋಪವಾದರೆ ಸಾಮಾನ್ಯವಾಗಿ ಇಲಾಖೆ ಹೊಣೆಯಲ್ಲ ಎಂಬ 1898ರ ರಕ್ಷಣೆ ಮಾತ್ರ ಹಾಗೆಯೇ ಉಳಿಯಿತು. 2024ರ ಜೂನ್ 18ರಿಂದ ಇದು ಜಾರಿಯಲ್ಲಿದೆ.

2006ರಲ್ಲಿ ಹಳೆಯ ಕಾಯ್ದೆಗೆ ತಿದ್ದುಪಡಿಯ ಕರಡು ಬಂದಾಗ ಕೊರಿಯರ್ ಕಂಪನಿಗಳಿಂದ ಸಾರ್ವತ್ರಿಕ ಸೇವೆಗೆ ವಂತಿಗೆ ಪಡೆಯುವ ಯೋಚನೆ ಇತ್ತು. ಗದ್ದಲವಾಯಿತು, ಕರಡು ಮೂಲೆಗೆ ಸೇರಿತು. ಟೆಲಿಫೋನಿನವರು ಕಟ್ಟಬಹುದಾದದ್ದನ್ನು ಟಪಾಲಿನವರು ಕಟ್ಟಲಾಗದು ಎಂಬ ವಾದ ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಬರೆದಿಡದಿದ್ದರೆ ಏನಾಗುತ್ತದೆ? ಕನ್ನಡ ಪುಸ್ತಕ ಪ್ರಪಂಚದವರು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮಗೆ ನೆನಪಿದೆ. ಮುದ್ರಿತ ಪುಸ್ತಕಗಳಿಗೆ ಕಡಿಮೆ ದರದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಇತ್ತು. ಒಂದು ಕೋಣೆಯಲ್ಲಿ ಪ್ರಕಾಶನ ನಡೆಸುವವರು, ತಮ್ಮ ಪುಸ್ತಕ ತಾವೇ ಕಟ್ಟಿ ಕಳಿಸುವ ಲೇಖಕರು, ಊರಿಗೊಬ್ಬ ಚಂದಾದಾರನಿರುವ ಸಣ್ಣ ಪತ್ರಿಕೆಯವರು ಅದರ ಮೇಲೆ ಬದುಕಿದ್ದರು. 2024ರ ಡಿಸೆಂಬರ್ 18ರಂದು ಕೌಂಟರಿಗೆ ಹೋದವರಿಗೆ ಆ ಸೇವೆ ನಿಂತಿದೆ ಎಂಬ ಉತ್ತರ ಸಿಕ್ಕಿತು. ಸಾಫ್ಟ್‌ವೇರಿನಿಂದಲೇ ಅದು ಮಾಯವಾಗಿತ್ತು. ಚರ್ಚೆ ಇಲ್ಲ, ಮುನ್ಸೂಚನೆ ಇಲ್ಲ. ಕೌಂಟರಿನ ಹುಡುಗಿಗೂ ಅಂದೇ ಗೊತ್ತಾದದ್ದು. ದೇಶದ ಪ್ರಕಾಶಕರೆಲ್ಲ ಕೂಗಿಕೊಂಡರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂಗೆ 20 ರೂಪಾಯಿ, ಐದು ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ಬಂದದ್ದಕ್ಕೆ ಸಂತೋಷ, ನಾನೂ ಬಳಸುತ್ತೇನೆ. ಆದರೆ ನಡುವಿನ ನಾಲ್ಕೂವರೆ ತಿಂಗಳು ಯಾವ ಕಾನೂನೂ ಪುಸ್ತಕದ ಪರ ನಿಲ್ಲಲಿಲ್ಲ. ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದ ಹೋಗುತ್ತದೆ.

ರಿಜಿಸ್ಟರ್ಡ್ ಪೋಸ್ಟಿನ ಮಾತೂ ಇದೇ. 2025ರ ಸೆಪ್ಟೆಂಬರ್ 1ರಿಂದ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಅಕ್ಟೋಬರಿನಿಂದ ಹೊಸ ದರ: 50 ಗ್ರಾಂ ತನಕ ಸ್ಥಳೀಯವಾಗಿ 19 ರೂಪಾಯಿ, ಹೊರಗೆ ಎಲ್ಲಿಗಾದರೂ 47. ರಿಜಿಸ್ಟ್ರಿ ಬೇಕಿದ್ದರೆ ಐದು ರೂಪಾಯಿ ಮೇಲೆ. ತೂಕ 50 ಗ್ರಾಂ ದಾಟಿದರೆ ದರ ದೂರ ನೋಡಿ ಏರುತ್ತದೆ. 1854ರಲ್ಲಿ ನಾವು ಬಿಟ್ಟುಬಂದ ಮೈಲಿಲೆಕ್ಕ ಹಿಂಬಾಗಿಲಿನಿಂದ ಒಳಗೆ ಬರುತ್ತಿದೆ. ಎರಡು ಸೇವೆಗಳನ್ನು ಒಂದು ಮಾಡಿದ್ದರಲ್ಲಿ ಜಾಣತನ ಇರಬಹುದು, ಇದೆ ಎಂದೇ ನನ್ನ ಭಾವನೆ. ಆದರೆ ಜಮೀನಿನ ತಕರಾರಿನ ನೋಟಿಸು ಕಳಿಸುವ ರೈತನಿಗೆ ರಿಜಿಸ್ಟರ್ಡ್ ಕಾಗದ ಎಂದರೆ ಕೋರ್ಟು ಒಪ್ಪುವ ಸಾಕ್ಷಿ. ಅದರ ಬೆಲೆ ಎಷ್ಟಿರಬೇಕು ಎಂಬುದನ್ನು ಸೇವೆ ನಡೆಸುವವರೇ ತಮ್ಮೊಳಗೆ ತೀರ್ಮಾನಿಸುವುದು ಸರಿಯಲ್ಲ.

ಹಳ್ಳಿಯ ಕಚೇರಿಗಳಿಗೂ ಕಾನೂನಿನ ಆಸರೆ ಇಲ್ಲ. ಇರುವುದು ಕಚೇರಿ ತೆರೆಯಲು ಇಲಾಖೆ ಇಟ್ಟುಕೊಂಡ ಮಾನದಂಡ. ಸಾಮಾನ್ಯ ಪ್ರದೇಶದಲ್ಲಿ ಹಳ್ಳಿಗಳ ಗುಂಪಿಗೆ ಮೂರು ಸಾವಿರ ಜನ, ಹತ್ತಿರದ ಕಚೇರಿಯಿಂದ ಮೂರು ಕಿ.ಮೀ. ದೂರ, ಖರ್ಚಿನ ಮೂರನೇ ಒಂದು ಪಾಲನ್ನಾದರೂ ದುಡಿಯುವ ನಿರೀಕ್ಷೆ. ಗುಡ್ಡಗಾಡು, ಬುಡಕಟ್ಟು ಪ್ರದೇಶವಾದರೆ ನೂರಕ್ಕೆ ಹದಿನೈದು ದುಡಿದರೂ ಸಾಕು. ಈ ಅಂಕಿಗಳನ್ನು ನಾನು ಗೌರವದಿಂದ ಓದುತ್ತೇನೆ. ಕಾಡಿನ ಹಳ್ಳಿಯೊಂದು ನೂರು ರೂಪಾಯಿ ಖರ್ಚಿಗೆ ಹದಿನೈದು ತಂದರೆ ಉಳಿದ ಎಂಬತ್ತೈದು ನಮ್ಮದು ಎಂದು ಒಂದು ದೇಶ ಒಪ್ಪಿಕೊಂಡ ಹಾಗಾಯಿತು. ಇಂಥ ಮಾತು ಸುತ್ತೋಲೆಯಲ್ಲಿ ಇರಬೇಕಾದದ್ದಲ್ಲ, ಕಾಯ್ದೆಯಲ್ಲಿ ಇರಬೇಕಾದದ್ದು.

ಆದರೆ ಆ ಎಂಬತ್ತೈದನ್ನು ನಿಜಕ್ಕೂ ಹೊರುತ್ತಿರುವವರು ಯಾರು ಎಂದು ನೋಡಿದರೆ ಸಂಕಟವಾಗುತ್ತದೆ. 2025ರ ಬಜೆಟ್ ಭಾಷಣದಲ್ಲಿ ಒಂದೂವರೆ ಲಕ್ಷ ಗ್ರಾಮೀಣ ಅಂಚೆ ಕಚೇರಿಗಳು, 2.4 ಲಕ್ಷ ಡಾಕ್ ಸೇವಕರು ಗ್ರಾಮೀಣ ಆರ್ಥಿಕತೆಯ ಬಲ ಎಂದರು. ಈ ಡಾಕ್ ಸೇವಕರು ಇಲಾಖೆಯ ಕಾಯಂ ನೌಕರರಲ್ಲ. ಅಪ್ಪಯ್ಯನ ಕಾಲದಲ್ಲಿ ಅವರ ಹೆಸರು ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’, ಅಂದರೆ ಇಲಾಖೆಯ ಹೊರಗಿನವರು. ಅವರದೂ ಸರಕಾರದ ಸಿವಿಲ್ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಹಾಗೆ ಹೇಳಿದ ಮೇಲೂ ಅವರು ಹೊರಗಿನವರಾಗಿಯೇ ಉಳಿದರು. ಕೆಲಸ ದಿನಕ್ಕೆ ನಾಲ್ಕು ಅಥವಾ ಐದು ಗಂಟೆ ಎಂಬ ಲೆಕ್ಕ. ಅವರ ಸಂಬಳ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿಯ ಮೇಲೆ 2018ರಲ್ಲಿ ನಾಲ್ಕು ಗಂಟೆಯ ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ ತಿಂಗಳಿಗೆ 12,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಎಂದಾಯಿತು. ಕಾಯಂ ನೌಕರರ ಪಿಂಚಣಿ ಅವರಿಗಿಲ್ಲ. ಬದುಕಿಗೆ ಬೇರೆ ಆದಾಯ ಇರಬೇಕು ಎಂಬುದು ನೇಮಕದ ಷರತ್ತು. ಕಚೇರಿ ನಡೆಸಲು ಜಾಗವನ್ನೂ ಪೋಸ್ಟ್‌ಮಾಸ್ಟರೇ ಒದಗಿಸಬೇಕು.

ಹಾಗಾಗಿಯೇ ನಮ್ಮ ಜಗಲಿ ಆಫೀಸಾದದ್ದು. ಮಳೆಗಾಲದಲ್ಲಿ ಮಾಡು ಸೋರಿದರೆ ಅಮ್ಮ ಮೊದಲು ಪಾತ್ರೆ ಇಡುತ್ತಿದ್ದುದು ಅಂಚೆ ಪೆಟ್ಟಿಗೆಯ ಹತ್ತಿರ, ಆಮೇಲೆ ಭತ್ತದ ಚೀಲದ ಹತ್ತಿರ. ಹೆಂಚು ಬದಲಿಸಿದ ಖರ್ಚು ಅಡಿಕೆಯ ದುಡ್ಡಿನದು. ವೃದ್ಧಾಪ್ಯ ವೇತನದ ಮನಿಆರ್ಡರ್ ಬಂದ ದಿನ ಮುದುಕಿಯರು ಬೆಳಗ್ಗೆಯೇ ಬಂದು ಜಗಲಿಯ ಮೇಲೆ ಕೂರುತ್ತಿದ್ದರು, ಅವರಿಗೆಲ್ಲ ಕಾಫಿ ನಮ್ಮ ಮನೆಯದು. ಅಪ್ಪಯ್ಯನಿಗಾಗಲೀ ಅಮ್ಮನಿಗಾಗಲೀ ಇದೊಂದು ಭಾರ ಅನ್ನಿಸಿದ್ದಿಲ್ಲ. ಆದರೆ ಅರ್ಥಶಾಸ್ತ್ರದ ಮೇಷ್ಟರಾಗಿ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಯುರೋಪಿನಲ್ಲಿ ಬಾಧ್ಯತೆಯ ನಿವ್ವಳ ವೆಚ್ಚ ಎಷ್ಟೆಂದು ಅಳೆದು, ಕೆಲವು ದೇಶಗಳಲ್ಲಿ ಸರಕಾರ ತುಂಬಿಕೊಡುತ್ತದೆ, ಕೆಲವು ಕಡೆ ನಿಧಿ. ನಮ್ಮಲ್ಲಿ ಆ ವೆಚ್ಚದ ಒಂದು ಪಾಲು ಯಾವ ಲೆಕ್ಕಪುಸ್ತಕದಲ್ಲೂ ಕಾಣದೆ ಎರಡೂವರೆ ಲಕ್ಷದಷ್ಟು ಮನೆಗಳ ಮೇಲೆ ಬಿದ್ದಿದೆ. ಅಂಚೆಯ ನಷ್ಟ ಎಂದು ಪತ್ರಿಕೆಯಲ್ಲಿ ಬರುವ ಅಂಕಿ ಈ ಪಾಲನ್ನು ಕಳೆದ ಮೇಲಿನದು.

ಈಗ ಕಾಗದ ಯಾರು ಬರೆಯುತ್ತಾರೆ ಎಂದು ಕೇಳುವವರಿದ್ದಾರೆ. ಸರಿ, ಯಾರೂ ಬರೆಯುವುದಿಲ್ಲ. ಆಧಾರ್ ಕಾರ್ಡು, ಎ.ಟಿ.ಎಂ. ಕಾರ್ಡು, ಕೋರ್ಟಿನ ಸಮನ್ಸು, ಡ್ರೈವಿಂಗ್ ಲೈಸೆನ್ಸು ಬರುವುದು ಇದೇ ಚೀಲದಲ್ಲಿ. 2018ರಲ್ಲಿ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಯಂತ್ರ ಹಿಡಿದು ಡಾಕ್ ಸೇವಕಿ ಮನೆಗೆ ಬಂದು, ಬೆರಳು ಒತ್ತಿಸಿಕೊಂಡು ದುಡ್ಡು ಕೊಡುತ್ತಾಳೆ. ಹಾಸಿಗೆ ಹಿಡಿದ ನಿವೃತ್ತರಿಗೆ ಜೀವಂತ ಪ್ರಮಾಣಪತ್ರ ಮನೆಯಲ್ಲೇ ಮಾಡಿಕೊಡುತ್ತಾಳೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಎಂಬ ಯೋಜನೆ 2017ರ ಜನವರಿಯಲ್ಲಿ ಶುರುವಾದದ್ದು ನಮ್ಮ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ, ಅದೇ ದಿನ ಗುಜರಾತಿನ ದಾಹೋದದಲ್ಲಿ. ಕರ್ನಾಟಕದ ಬೆಳೆಗಾರರ ಮಾವು ಕೆಲವು ವರ್ಷಗಳಿಂದ ಅಂಚೆಯವರ ಕೈಯಲ್ಲೇ ಬೆಂಗಳೂರಿನ ಮನೆಗಳಿಗೆ ಹೋಗುತ್ತಿದೆ. ಬಾಧ್ಯತೆ ಇದ್ದುದು ಕಾಗದಕ್ಕಲ್ಲ, ವಿಳಾಸಕ್ಕೆ. ಚೀಲದೊಳಗಿನ ವಸ್ತು ಬದಲಾದರೆ ಬಾಧ್ಯತೆಯ ಪಟ್ಟಿಯನ್ನು ಬದಲಿಸಬೇಕು.

ಸುಧಾರಣೆಯನ್ನು ನಾನು ವಿರೋಧಿಸುವವನಲ್ಲ. ಹೀಗೆ ಮಾಡಲಿ ಎಂದು ನನ್ನ ಆಸೆ. ದಿನಗಳ ಸಂಖ್ಯೆಯಲ್ಲಿ ಪ್ರಾಮಾಣಿಕರಾಗೋಣ. ಆರು ದಿನ ಎಂದು ಹೇಳಿ ಒಂಟಿಮನೆಗೆ ಕಾಗದ ಕೂಡಿಹಾಕಿ ವಾರಕ್ಕೊಮ್ಮೆ ಒಯ್ಯುವುದಕ್ಕಿಂತ, ಮೂರು ದಿನ ಎಂದು ಬರೆದು ಮೂರೂ ದಿನ ಹೋಗುವುದು ಮೇಲು. ನ್ಯೂಜಿಲೆಂಡ್ 2015ರಿಂದ ತನ್ನ ಪಟ್ಟಣಗಳಿಗೇ ವಾರಕ್ಕೆ ಮೂರು ದಿನ ಮಾಡಿತು. ಪುಸ್ತಕ, ಅಂಧರ ಬ್ರೈಲ್ ಸಾಹಿತ್ಯ, ನೋಂದಾಯಿತ ಕಾಗದ, ಔಷಧ, ಮನೆಬಾಗಿಲ ಹಣ ಇವೆಲ್ಲ ಬಾಧ್ಯತೆಯೊಳಗೆ ಬರಲಿ. ಜಾಹೀರಾತಿನ ಕಟ್ಟು ಹೊರಗಿರಲಿ. ದರ ಹೇಳುವವರು ಸೇವೆ ನಡೆಸುವವರಾಗದೆ ಬೇರೆ ಪ್ರಾಧಿಕಾರವಾಗಲಿ. ಪಾರ್ಸೆಲ್ಲಿನಿಂದ ದುಡಿಯುವ ಎಲ್ಲ ಕಂಪನಿಗಳೂ, ಆನ್‌ಲೈನ್ ಅಂಗಡಿಗಳು ತಾವೇ ನಡೆಸುವ ಬಟವಾಡೆಯೂ ಸೇರಿ, ಒಂದು ನಿಧಿಗೆ ಪಾಲು ಕೊಡಲಿ. ಆ ನಿಧಿಯ ಮೊದಲ ರೂಪಾಯಿ ಹೊಸ ಸಾಫ್ಟ್‌ವೇರಿಗಲ್ಲ, ಡಾಕ್ ಸೇವಕರ ಪಿಂಚಣಿಗೆ ಮತ್ತು ಜಗಲಿಯ ಬಾಡಿಗೆಗೆ ಹೋಗಲಿ. ಇದರಲ್ಲಿ ಯಾವುದೂ ಆಗದ ಕೆಲಸವಲ್ಲ. ಟೆಲಿಫೋನಿಗೆ ಇಪ್ಪತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದೇವೆ.

ಈ ಉಪನ್ಯಾಸಕ್ಕೆ ಸಿದ್ಧವಾಗುವಾಗ 2023ರ ಕಾಯ್ದೆಯನ್ನು ಎದುರಿಗಿಟ್ಟುಕೊಂಡು, ಅದರೊಳಗೆ ಸೇರಬೇಕಾದ ಒಂದು ಕಲಮನ್ನು ನಾನೇ ಕನ್ನಡದಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ, ತಿದ್ದುವವರು ತಿದ್ದಲಿ. ಅದನ್ನು ಓದಿ ಮುಗಿಸುತ್ತೇನೆ.

"ಭಾರತದಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ, ಅವರ ಮನೆ ಎಲ್ಲಿಯೇ ಇರಲಿ, ವಿಳಾಸ ಬರೆದ ಟಪಾಲನ್ನು ಮನೆಬಾಗಿಲಿನಲ್ಲಿ ಪಡೆಯುವ ಹಕ್ಕು ಇರತಕ್ಕದ್ದು. ಬಟವಾಡೆ ವಾರಕ್ಕೆ ಮೂರು ದಿನಕ್ಕಿಂತ ಕಡಿಮೆ ಆಗತಕ್ಕದ್ದಲ್ಲ. ಕಾಗದ ಮತ್ತು ಪುಸ್ತಕಗಳ ದರ ದೇಶಕ್ಕೆಲ್ಲ ಒಂದೇ ಇರತಕ್ಕದ್ದು. ನಷ್ಟದ ಕಾರಣಕ್ಕೆ ಮಾತ್ರ ಯಾವ ಗ್ರಾಮೀಣ ಅಂಚೆ ಕಚೇರಿಯನ್ನೂ ಮುಚ್ಚತಕ್ಕದ್ದಲ್ಲ. ಈ ಹಕ್ಕಿಗೆ ತಗಲುವ ವೆಚ್ಚವನ್ನು ಪ್ರತಿ ವರ್ಷ ಲೆಕ್ಕ ಹಾಕಿ ಸಂಸತ್ತಿನ ಮುಂದಿಡತಕ್ಕದ್ದು, ಮತ್ತು ಆ ವೆಚ್ಚದ ಯಾವ ಭಾಗವನ್ನೂ ಟಪಾಲು ಹಂಚುವವರ ಮನೆಯ ಮೇಲೆ ಹೊರಿಸತಕ್ಕದ್ದಲ್ಲ."